ಏಳದೆ ಹೋದ ಗುಳ್ಳೆಗಳು

ಈಗ ಮನೆಗೆ ಬಂದವರು ಯಾರಾದರೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಅಜ್ಜ, ಸಿಡುಬನ್ನು ನಮ್ಮೂರಿನಿಂದ ಓಡಿಸಿದವರು ನೀವೇ ಅಲ್ಲವಾ?" ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಓಡಿಸಿದ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬ, ಅದು ಸುಳ್ಳಲ್ಲ. ಆದರೆ ಒಂದು ಸಲ, ಅಳದಂಗಡಿಯಿಂದಾಚೆ ಗುಡ್ಡದ ಮೇಲಿನ ಹನ್ನೊಂದು ಮನೆಗಳಿಗೆ ಅದನ್ನು ಕರೆದು ಕೂರಿಸಿದವನೂ ನಾನೇ. ಹೇಳಲು ಹೊರಟರೆ ಮಕ್ಕಳು, "ಬಿಡಿ ಅಪ್ಪ, ಅದೆಲ್ಲ ಹಳೇ ಕತೆ" ಎಂದು ಬಾಯಿ ಮುಚ್ಚಿಸುತ್ತಾರೆ. ಹಳೇ ಕತೆಯಂತೆ! ಇವರಿಗೇನು ಗೊತ್ತು? ಅದಕ್ಕೇ ಯಾರೂ ಇಲ್ಲದ ಹೊತ್ತು ನೋಡಿ ಬರೆಯಲು ಕೂತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಬಂಟ್ವಾಳದ ಹೊಳೆಬದಿಯಲ್ಲಿ. ಐವತ್ತರ ದಶಕದಲ್ಲಿ ಬೆಳ್ತಂಗಡಿಯ ಒಂದು ಸಣ್ಣ ಆಸ್ಪತ್ರೆಗೆ ದೇವಿ ಹಾಕುವವನಾಗಿ ಸೇರಿದೆ. ಸಿಡುಬು ಬಾರದಂತೆ ತೋಳಿಗೆ ಲಸಿಕೆ ಗೀಚುವುದಕ್ಕೆ ಆಗ ಜನ ಹೇಳುತ್ತಿದ್ದುದು ಹಾಗೆ. ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಕೂದಲೆಳೆಯಷ್ಟು ಸಪೂರದ ಗಾಜಿನ ನಳಿಗೆಗಳಲ್ಲಿ ಲಸಿಕೆಯ ರಸ, ಹಲ್ಲುಗಳಿರುವ ಒಂದು ಪುಟ್ಟ ಚಕ್ರ. ರಸ ಬಿಸಿಲಿಗೆ ಕೆಡದಂತೆ ನಳಿಗೆಗಳನ್ನು ಬಾಳೆದಿಂಡಿನ ತುಂಡಿನೊಳಗೆ ತೂರಿಸಿ, ಒದ್ದೆ ಬಟ್ಟೆ ಸುತ್ತಿ ಒಯ್ಯುತ್ತಿದ್ದೆ. ನೀರಿನಲ್ಲಿ ತೋಳು ತೊಳೆಯಬೇಕು, ಒಣಗಲು ಬಿಡಬೇಕು, ಹನಿ ಇಡಬೇಕು, ಚಕ್ರ ಊರಿ ತಿರುಗಿಸಬೇಕು. ಎಂಟನೆಯ ದಿನ ಅಲ್ಲಿ ಒಂದು ಗುಳ್ಳೆ ಏಳಬೇಕು, ಮುತ್ತಿನ ಬಣ್ಣದ್ದು, ನಡುವೆ ತಗ್ಗು. ಎದ್ದರೆ ಶರೀರ ಪಾಠ ಕಲಿಯಿತು ಎಂದರ್ಥ. ಏಳದಿದ್ದರೆ ಮತ್ತೆ ಹಾಕಬೇಕು. ಎಂಟನೆಯ ದಿನ ಪ್ರತಿ ಮನೆಗೂ ಹೋಗಿ ಕಣ್ಣಾರೆ ನೋಡಿ ಬರುವುದು ನನ್ನ ಕೆಲಸದ ಅರ್ಧ ಭಾಗ.

ಆ ವರ್ಷಗಳು ನನಗೆ ಈಗ ಹೇಗೆ ಕಾಣುತ್ತವೆಂದರೆ, ಬೆಳಗಿನ ಮಂಜಿನಲ್ಲಿ ಯಾರೋ ದೂರದಲ್ಲಿ ನಡೆದುಕೊಂಡು ಹೋಗುತ್ತಿರುವಂತೆ. ನಡೆಯುತ್ತಿರುವವನು ನಾನೇ ಎಂದು ಗೊತ್ತಾಗುತ್ತದೆ, ಮುಖ ಕಾಣುವುದಿಲ್ಲ. ಗುಡ್ಡದ ಮುಳಿಹುಲ್ಲು ಹಳದಿಯಾಗಿ ಅಲೆಯಾಡುತ್ತಿರುತ್ತದೆ. ಎಲ್ಲೋ ಕೋಳಿ ಕೂಗುತ್ತದೆ. ದಾರಿಯಲ್ಲಿ ಸಿಕ್ಕ ಹೆಂಗಸರು, "ಕೈ ಗೀಚುವವರು ಬಂದರು, ಮಕ್ಕಳನ್ನು ಅಡಗಿಸಿಡಿ!" ಎಂದು ನಗುತ್ತಾ ಕೂಗುತ್ತಾರೆ. ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ, ಅಷ್ಟು ಹಗುರ. ಏಕೆ ಹಗುರವೆಂದು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೆಳಗ್ಗಿನಿಂದಲೇ ನನ್ನ ಹೊಟ್ಟೆಯೊಳಗೆ ಕಳ್ಳು ಇರುತ್ತಿತ್ತು.

ಮೊದಮೊದಲು ಅದು ಬರೀ ಮರ್ಯಾದೆಯ ವಿಷಯ. ದೂರದಿಂದ ಬಿಸಿಲಲ್ಲಿ ನಡೆದು ಬಂದವನಿಗೆ ಕೆಲವು ಮನೆಯವರು ಬೆಲ್ಲ ನೀರು ಕೊಡುತ್ತಿದ್ದರು, ಕೆಲವರು ಮರದಿಂದ ಆಗ ತಾನೇ ಇಳಿಸಿದ ಕಳ್ಳು. ಬೇಡವೆಂದರೆ ಅವರಿಗೆ ಬೇಸರ. ಬೇಸರ ಮಾಡಬಾರದೆಂದು ಕುಡಿದವನು ಎರಡು ವರ್ಷದಲ್ಲಿ ಕಳ್ಳು ಸಾಲದೆ ಸಾರಾಯಿಗೆ ಬಂದು ನಿಂತೆ. ಆಗ ನಮ್ಮ ಜಿಲ್ಲೆಯಲ್ಲಿ ಪಾನನಿರೋಧ. ಕಾಡಿನ ನಡುವೆ ಕದ್ದು ಕಾಸುತ್ತಿದ್ದರು, ಕದ್ದು ಕುಡಿಯುತ್ತಿದ್ದರು, ಸಿಕ್ಕಿಬಿದ್ದರೆ ಠಾಣೆ. ಆದರೆ ಸರಕಾರದ ಮುದ್ರೆ ಇರುವ ಪೆಟ್ಟಿಗೆಯನ್ನು ಯಾರು ಮುಟ್ಟುತ್ತಾರೆ? ಒಂದು ಬಾಟ್ಲಿಗೆ 'ಸ್ಪಿರಿಟ್' ಎಂದು ಚೀಟಿ ಅಂಟಿಸಿ ಸಾರಾಯಿ ತುಂಬಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಎಂಥ ಬುದ್ಧಿ ನನ್ನದು ಎಂದು ಬೀಗುತ್ತಿದ್ದೆ.

ಒಂದು ದಿನ ಲಾಯಿಲದ ತಿರುವಿನಲ್ಲಿ ಒಬ್ಬ ಪೊಲೀಸಪ್ಪ ಪೆಟ್ಟಿಗೆ ತೆರೆಸಿಯೇಬಿಟ್ಟ. ಬಾಟ್ಲಿ ಎತ್ತಿ ಬಿಸಿಲಿಗೆ ಹಿಡಿದ.

"ಇದು ಎಂತ?"

"ಸ್ಪಿರಿಟ್ ಮಾರಾಯ. ದೇವಿ ಹಾಕುವ ಮೊದಲು ತೋಳು ಒರೆಸ್ಲಿಕ್ಕೆ."

"ಹೌದಾ? ಎಲ್ಲಿ, ಒರೆಸಿ ತೋರಿಸು ನೋಡುವ."

ನಾನು ಗಾಬರಿಯಾಗಲಿಲ್ಲ. ಅವನ ಅಂಗಿಯ ತೋಳನ್ನೇ ಮೇಲೆತ್ತಿ, ಹತ್ತಿಯಲ್ಲಿ ಸಾರಾಯಿ ಅದ್ದಿ ಒರೆಸಿ, ಅವನಿಗೇ ದೇವಿ ಹಾಕಿ ಕಳುಹಿಸಿದೆ. ಸಂಜೆ ಹೆಂಡತಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ವಿಟ್ಲದ ಕಡೆಯವಳು, ಮಾತು ಚುರುಕು. "ಕುಡಿಯುವುದು ನೀವು, ಕುಡಿಸಿದ್ದು ಅವನ ತೋಳಿಗೆ" ಎಂದಳು, ನಗಲಿಲ್ಲ. ಅಂದಿನಿಂದ ಒರೆಸುವುದು ಅಭ್ಯಾಸವಾಯಿತು. ಬಾಟ್ಲಿ ಪೆಟ್ಟಿಗೆಯಲ್ಲಿ ಇರಬೇಕಾದರೆ ಅದಕ್ಕೊಂದು ಕೆಲಸ ಬೇಕಲ್ಲ? ನಾಲ್ಕು ಜನರ ಎದುರು ಅದರಿಂದ ತೋಳು ಒರೆಸುತ್ತಿದ್ದೆ, ಗುಡ್ಡ ದಾಟುವಾಗ ಅದರಿಂದಲೇ ಗುಟುಕು ಹಾಕುತ್ತಿದ್ದೆ. ತೋಳಿಗೆ ಸ್ಪಿರಿಟ್ ತಾಗಿಸಬಾರದೆಂದು ಕೆಲಸ ಕಲಿಸುವಾಗ ಹೇಳಿಕೊಟ್ಟಿದ್ದರು. ಅದರ ತೇವ ಆರದಿದ್ದರೆ ಲಸಿಕೆಯ ರಸ ಸತ್ತೇ ಹೋಗುತ್ತದೆ, ಸತ್ತ ರಸದಿಂದ ಶರೀರ ಏನನ್ನೂ ಕಲಿಯುವುದಿಲ್ಲ. ಗೊತ್ತಿತ್ತು. ಆರುತ್ತದೆ ಬಿಡು ಎಂದುಕೊಂಡೆ. ಹೆಚ್ಚಿನ ಕಡೆ ನಾನು ಹರಟೆ ಹೊಡೆಯುವುದರೊಳಗೆ ಆರುತ್ತಲೂ ಇತ್ತು.

ಆ ಹನ್ನೊಂದು ಮನೆಗಳಿಗೆ ಹೋದ ದಿನ ಮಾತ್ರ ನನಗೆ ಹರಟೆಗೆ ಪುರುಸೊತ್ತು ಇರಲಿಲ್ಲ. ಬಾಟ್ಲಿ ತಳ ಕಂಡಿತ್ತು. ಗುಡ್ಡದ ಕೆಳಗೆ ಸಾರಾಯಿ ಕಾಸುವ ಜಾಗಕ್ಕೆ ಬೇಗ ಮುಟ್ಟಬೇಕಿತ್ತು. ಮೊದಲ ಮನೆಯ ಅಂಗಳದಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒರೆಸಿದ ಕೂಡಲೇ ಹನಿ ಇಟ್ಟು, ಚಕ್ರ ತಿರುಗಿಸಿ, ಮುಂದಿನವರು ಬನ್ನಿ ಬನ್ನಿ ಎಂದು ಅವಸರ ಮಾಡಿದೆ. ಆ ಮನೆಯ ಅಜ್ಜಿಯ ಮೊಮ್ಮಗಳು, ಏಳು ವರ್ಷದ್ದಿರಬಹುದು, ಉಳಿದ ಮಕ್ಕಳು ಅಳುವಾಗ ಅವಳೊಬ್ಬಳು ನಕ್ಕಳು. "ತಣ್ಣಗೆ ಉಂಟು, ಇನ್ನೊಮ್ಮೆ ಒರೆಸಿ" ಎಂದಳು. ಇನ್ನೊಮ್ಮೆ ಒರೆಸಿದೆ. ಮಗು ಕೇಳಿದ್ದನ್ನು ಕೊಟ್ಟೆನೆಂದು ನನಗೆ ಖುಷಿ. ಅವಳ ತೋಳು ಆ ಬಿಸಿಲಿಗೆ ಹೊಳೆಯುತ್ತಿದ್ದುದು ಈಗಲೂ ಕಾಣುತ್ತದೆ, ಒದ್ದೆಯಾಗಿ, ನೀರಿನಿಂದೆದ್ದ ಮೀನಿನಂತೆ.

ಎಂಟನೆಯ ದಿನ ನಾನು ಗುಡ್ಡದ ಬುಡದವರೆಗೆ ಹೋದೆ. ಅಲ್ಲಿ ಕೂತೆ, ಕುಡಿದೆ, ಮರದ ನೆರಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದನ್ನು ನೋಡಿದೆ. ಹಕ್ಕಿಯೊಂದು ಒಂದೇ ಮಾತನ್ನು ಹೇಳುತ್ತಿತ್ತು. ಎಷ್ಟು ಚೆಂದದ ಮಧ್ಯಾಹ್ನ ಅದು! ಅಲ್ಲೇ ಕೂತು ದೇವಿ ಹಾಕಿಸಿಕೊಂಡವರ ಪುಸ್ತಕದಲ್ಲಿ ಎಲ್ಲ ಹೆಸರುಗಳ ಮುಂದೆ 'ಎದ್ದಿದೆ' ಎಂದು ಬರೆದು, ವಾಪಸು ಬಂದೆ.

ಒಂದೂವರೆ ತಿಂಗಳು ಕಳೆದಿರಬೇಕು. ಆ ಕಡೆಯ ಒಬ್ಬ ಆಳು ಘಟ್ಟದ ಕಾಫಿ ತೋಟದಿಂದ ಜ್ವರ ಹೊತ್ತುಕೊಂಡು ಬಂದನಂತೆ. ಸಿಡುಬೆಂಬ 'ಅಮ್ಮ' ಮನೆಗೆ ಬಂದಿದ್ದಾಳೆಂದು ಅವನ ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಬಾಯಿಬಿಟ್ಟರೆ ಅಮ್ಮನಿಗೆ ಸಿಟ್ಟು ಬರುತ್ತದೆಂದು ಯಾರಿಗೂ ಹೇಳಲಿಲ್ಲ. ನಮ್ಮ ಡಾಕ್ಟರಿಗೆ ಸುದ್ದಿ ಮುಟ್ಟುವಾಗ ತಡವಾಗಿತ್ತು. ಡಾಕ್ಟರು ವಯಸ್ಸಾದವರು, ಹೆಚ್ಚು ಮಾತಿಲ್ಲ. ನನ್ನ ಪುಸ್ತಕ ತೆಗೆದು ನೋಡಿ, "ಪರವಾಗಿಲ್ಲ, ಇಲ್ಲಿ ಎಲ್ಲರಿಗೂ ಎದ್ದಿದೆಯಲ್ಲ. ಆದರೂ ನೋಡಿ ಬರುವ" ಎಂದರು. ಹೇಳಿಬಿಡಬೇಕಿತ್ತು. ಹೇಳಲಿಲ್ಲ. ದಾರಿಯುದ್ದಕ್ಕೂ ಅವರ ಹಿಂದೆ ನಡೆದೆ, ಎದ್ದಿರಲಿ ದೇವರೇ, ಹೇಗಾದರೂ ಎದ್ದಿರಲಿ ಎನ್ನುತ್ತಾ.

ಮೊದಲ ಮನೆಯ ಅಂಗಳದಲ್ಲಿ ಡಾಕ್ಟರು ಮಕ್ಕಳ ತೋಳುಗಳನ್ನು ಒಂದೊಂದಾಗಿ ನೋಡಿದರು. ಕಲೆ ಇರಲಿಲ್ಲ. ಗೀಚಿದ ಗೆರೆ ಕೂಡ ಮಾಸಿ, ಚರ್ಮ ಎಂದೂ ಏನೂ ಆಗದಂತೆ ನುಣ್ಣಗಿತ್ತು. ಅವರು ನನ್ನ ಪೆಟ್ಟಿಗೆ ತೆರೆದರು, ಬಾಟ್ಲಿಯ ಬಿರಡೆ ಬಿಚ್ಚಿ ಮೂಸಿದರು. ಅಲ್ಲಿದ್ದ ಯಾರಿಗೂ ಕೇಳಿಸದಂತೆ, "ಎಷ್ಟು ದಿನದಿಂದ?" ಎಂದರು. ನಾನು ಹೇಳಿದೆ. ಒಳಗೆ ಅಜ್ಜಿಯ ಮೊಮ್ಮಗಳು ಮಲಗಿದ್ದಳು, ಎರಡು ದಿನದಿಂದ ಸುಡುವ ಜ್ವರ. ಅವಳ ಹಣೆಯ ಮೇಲೆ ಆಗಲೇ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಮೂಡುತ್ತಿದ್ದವು.

"ಕೇಳು," ಎಂದರು ಡಾಕ್ಟರು, ನನ್ನನ್ನು ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಹೋಗಿ. "ಈ ಲಸಿಕೆ ಅಂದ್ರೆ ಶತ್ರುವಿನ ತಮ್ಮ. ಬಡಪಾಯಿ, ಹೆಚ್ಚು ಉಪದ್ರ ಇಲ್ಲ. ತಮ್ಮನ ಮುಖ ನೋಡಿ ಶರೀರ ಅಣ್ಣನನ್ನು ಗುರ್ತ ಹಿಡಿಯುತ್ತದೆ, ಜಗಳಕ್ಕೆ ತಯಾರಾಗುತ್ತದೆ. ರೋಗ ಒಳಗೆ ಹೊಕ್ಕು ಮೂರು ದಿನ ದಾಟದಿದ್ರೆ ಈಗಲೂ ನಾವು ಮುಂದೆ ಓಡಬಹುದು. ಆ ಮಗುವಿಗೆ ತಡ ಆಯ್ತು. ಉಳಿದವರಿಗೆ ಇವತ್ತೇ ಹಾಕಬೇಕು. ನನ್ನೊಬ್ಬನಿಂದ ಆಗುವುದಿಲ್ಲ."

ನಾನು ಕೈ ಮುಂದೆ ಮಾಡಿ ತೋರಿಸಿದೆ. ಬೆಳಗ್ಗಿನಿಂದ ಹೆದರಿಕೆಯಲ್ಲಿ ಒಂದು ಗುಟುಕೂ ಕುಡಿದಿರಲಿಲ್ಲ, ಬೆರಳುಗಳು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ನಡುಗುತ್ತಿದ್ದವು. ಇಂಥ ಕೈಯಲ್ಲಿ ಮಗುವಿನ ತೋಳಿಗೆ ಚಕ್ರ ಹಿಡಿಯುವುದು ಹೇಗೆ? ಡಾಕ್ಟರು ಅದೇ ಬಾಟ್ಲಿಯಿಂದ ಔಷಧದ ಚಮಚಕ್ಕೆ ಎರಡು ಸಲ ಅಳೆದು ಹೊಯ್ದು ನನ್ನ ಬಾಯಿಗೆ ಹಾಕಿದರು. "ಇದು ಇವತ್ತು ಮದ್ದು. ನಾಳೆಯಿಂದ ಮದ್ದಿನ ಅಳತೆ ನನ್ನದು" ಎಂದು ಉಳಿದದ್ದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆದದ್ದಿಲ್ಲ. ಕೈಯ ನಡುಕ ನಿಂತಿತು. ಕಾಯಿಸಿ ಆರಿಸಿದ ನೀರಿನಲ್ಲಿ ತೋಳು ತೊಳೆದು, ಒಣಗಿಸಿ, ಸಂಜೆಯೊಳಗೆ ಹನ್ನೊಂದು ಮನೆಗಳಿಗೂ ಹಾಕಿ ಮುಗಿಸಿದೆವು. ಇನ್ನು ಎಂಟು ದಿನ ಕಾಯಬೇಕು. ಗುಳ್ಳೆ ಎದ್ದರೆ ಆ ಮಕ್ಕಳು ಉಳಿಯುತ್ತಾರೆ.

ಆ ಎಂಟು ದಿನಗಳನ್ನು ನಾನು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಳೆದೆ. ಡಾಕ್ಟರು ಬೆಳಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು ಎಂದು ಅಳೆದು ಕುಡಿಸುತ್ತಾ, ದಿನದಿನಕ್ಕೆ ಇಳಿಸುತ್ತಾ ಬಂದರು. ಸಾರಾಯಿ ಇಳಿದಂತೆ ಮೂಗು ಮುಚ್ಚಿ ನುಂಗಬೇಕಾದ ಒಂದು ಘಾಟಿನ ನಿದ್ದೆಮದ್ದು ಏರಿತು. ಮೂರನೆಯ ಮಧ್ಯಾಹ್ನ ಗೋಡೆಯ ಸುಣ್ಣ ಕದಲತೊಡಗಿತು. ನಮ್ಮ ಬಂಟ್ವಾಳದ ಹೊಳೆ ಬಾಗಿಲಿನಿಂದ ಮೆಲ್ಲಗೆ ಒಳಗೆ ಬಂತು, ಸದ್ದಿಲ್ಲದೆ, ಕಂದು ಬಣ್ಣದ್ದು. ಮಂಚದ ಕಾಲು ಮುಳುಗಿತು. ಹೆಂಚು ತುಂಬಿದ ದೋಣಿಗಳು ಕಿಟಕಿಯ ಕೆಳಗೆ ಹಾದುಹೋದವು, ಹುಟ್ಟು ಹಾಕುವವರಿಗೆ ಮುಖವಿರಲಿಲ್ಲ. ಆಮೇಲೆ ನೀರಿನ ಮೇಲೆ ಸಣ್ಣ ಸಣ್ಣ ತೋಳುಗಳು ತೇಲಿ ಬಂದವು, ಒಂದರ ಹಿಂದೆ ಒಂದು, ಯಾವುದರ ಮೇಲೂ ಕಲೆಯಿಲ್ಲ. ನಾನು ಅವುಗಳನ್ನು ಹಿಡಿದು ಒರೆಸಲು ಹೋಗುತ್ತಿದ್ದೆ. ಒರೆಸಿದಷ್ಟೂ ಒದ್ದೆ.

"ಹೊಳೆ ಬಂದಿದೆ, ಕಾಲು ಮೇಲೆತ್ತು!" ಎಂದು ಹೆಂಡತಿಗೆ ಕೂಗಿದೆನಂತೆ.

"ಬರಲಿ ಮಾರ್ರೆ, ನಾಲ್ಕು ಬಟ್ಟೆ ಒಗೆಯಲಿಕ್ಕೆ ಉಂಟು" ಎಂದು ಅವಳು ಅಲ್ಲೇ ಕೂತಳಂತೆ. ಪಾಪ, ಅತ್ತುಕೊಂಡೇ ಹೇಳಿದ್ದಂತೆ. ಅವಳು ನನಗೆ ಅದನ್ನು ಹೇಳಿದ್ದು ಎಷ್ಟೋ ವರ್ಷಗಳ ನಂತರ.

ನನ್ನ ಮೊಣಕಾಲಿನ ಕೆಳಗೆ ಒಂದು ಹುಣ್ಣು ಇತ್ತು. ಮುಳ್ಳು ಹೊಕ್ಕು ಆದದ್ದು, ನಾಲ್ಕು ತಿಂಗಳಿನಿಂದ ಮಾಯದೆ ಕೀವು ಸುರಿಸುತ್ತಿತ್ತು. ಡಾಕ್ಟರು ಅದನ್ನು ತೊಳೆಯುತ್ತಾ ಒಮ್ಮೆ ಹೇಳಿದರು. "ನಿನ್ನೊಳಗೆ ಕಾವಲಿಗೆ ನಿಂತವರೂ ನಿನ್ನ ಜೊತೆ ಕುಡಿದು ಮಲಗಿದ್ದಾರೆ, ಮತ್ತೆ ಹುಣ್ಣು ಮಾಯುವುದು ಹೇಗೆ? ಶರೀರ ಒಮ್ಮೆ ಕಲಿತದ್ದನ್ನು ಬಿಡುವುದಿಲ್ಲ ಮಾರಾಯ. ಸಿಡುಬಿನ ಗುರ್ತ ಹಿಡಿದ್ರೆ ಮತ್ತೆ ಬಂದಾಗ ಹೊಡೆದು ಓಡಿಸ್ತದೆ. ಸಾರಾಯಿಯ ಗುರ್ತವನ್ನೂ ಅದು ಹಿಡಿದಿದೆ. ಆದರೆ ಇಲ್ಲಿ ಓಡಿಸುವುದಿಲ್ಲ, ಬಾ ಕೂತುಕೋ ಅನ್ನುತ್ತದೆ. ಇನ್ನು ಇಪ್ಪತ್ತು ವರ್ಷ ಬಿಟ್ಟು ಒಂದು ಹನಿ ಹಾಕಿದ್ರೂ ಹಾಗೇ ಅನ್ನುತ್ತದೆ. ನೆನಪಿಟ್ಟುಕೋ." ನೆನಪಿಟ್ಟುಕೊಂಡೆ. ಆದರೂ ಮುಂದೆ ಎರಡು ಸಲ ಜಾರಿಬಿದ್ದೆ. ಎರಡು ಸಲವೂ ಅದೇ ಕೋಣೆಗೆ ನಾಯಿಯ ಹಾಗೆ ತಲೆ ತಗ್ಗಿಸಿಕೊಂಡು ಬಂದೆ, ಎರಡು ಸಲವೂ ಅವರು ಚಮಚ ತೆಗೆದುಕೊಂಡರು. ಬೈಯಲಿಲ್ಲ. ಕೊನೆಗೆ ಬಿಟ್ಟದ್ದು ಅರವತ್ತರ ದಶಕದ ನಡುವೆ ಎಲ್ಲೋ.

ಆಗ, ಎರಡನೆಯ ಸಲ ದೇವಿ ಹಾಕಿದ ಎಂಟನೆಯ ದಿನ ಬೆಳಗ್ಗೆ, ನೋಡಿ ಬರಲು ನಾನೇ ಹೋಗುತ್ತೇನೆ ಎಂದೆ. ಸಾರಾಯಿಯ ಅಳತೆ ಎರಡು ದಿನದ ಹಿಂದೆಯೇ ನಿಂತಿತ್ತು, ಡಾಕ್ಟರು ತಡೆಯಲಿಲ್ಲ. ಪೆಟ್ಟಿಗೆ ಹೊತ್ತು, ದಾರಿಯಲ್ಲಿ ಮೂರು ಕಡೆ ಕೂತು ಎದ್ದು ಹೋದೆ. ಕಣ್ಣು ತಿಳಿಯಾಗಿತ್ತು, ಬಹಳ ವರ್ಷಗಳ ನಂತರ ಹುಲ್ಲು ಹುಲ್ಲಾಗಿ, ಕಲ್ಲು ಕಲ್ಲಾಗಿ ಕಾಣುತ್ತಿತ್ತು. ಅದೂ ಒಂದು ಕನಸಿನ ಹಾಗೇ ಇತ್ತು. ಹಿಂದಿನಿಂದ ಶುರುಮಾಡಿದೆ, ಹನ್ನೊಂದನೆಯ ಮನೆಯಿಂದ. ತೋಳು ತೋರಿಸಿದರು. ಎದ್ದಿತ್ತು! ಹಾಲಿನ ಹನಿಯಂಥ ಗುಳ್ಳೆ, ನಡುವೆ ತಗ್ಗು, ಸುತ್ತಲೂ ಕೆಂಪು. ಹತ್ತನೆಯ ಮನೆ, ಒಂಬತ್ತನೆಯ ಮನೆ, ಎಲ್ಲ ಕಡೆ ಎದ್ದಿತ್ತು. ಇಬ್ಬರು ಹುಡುಗರಿಗೆ ಮೈಮೇಲೆ ಹತ್ತಿಪ್ಪತ್ತು ಬೊಕ್ಕೆ ಬಂದಿದ್ದವು, ಅಷ್ಟೇ, ಅಂಗಳದಲ್ಲಿ ಕೂತು ಆಡುತ್ತಿದ್ದರು. ನಾನು ಆ ತೋಳುಗಳನ್ನು ಹಿಡಿದುಕೊಂಡು ಅತ್ತೆ. ಮಕ್ಕಳು ಇವರಿಗೇನಾಯಿತು ಎಂದು ನಕ್ಕವು.

ಕೊನೆಗೆ ಮೊದಲ ಮನೆಗೆ ಬಂದೆ. ಮೊಮ್ಮಗಳು ಹಿಂದಿನ ದಿನ ಬೆಳಗ್ಗೆ ತೀರಿಕೊಂಡಿದ್ದಳು.

ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಸೊಸೆ ಎರಡನೆಯ ಹೆರಿಗೆಗೆಂದು ಮೂಡಬಿದ್ರೆಯ ತವರಿಗೆ ಹೋಗಿದ್ದವಳು, ಸುದ್ದಿ ಕೇಳಿ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಹಿಂದಿನ ಸಂಜೆ ಓಡಿ ಬಂದಿದ್ದಳು. ಒಳಗಿನಿಂದ ಅವಳು ಅಳುವುದು ಕೇಳುತ್ತಿತ್ತು. ಅಜ್ಜಿ ನನ್ನನ್ನು ನೋಡಿ, "ಅಮ್ಮನಿಗೆ ಬೇಕಾಯ್ತು, ಕರೆದುಕೊಂಡು ಹೋದಳು. ಕೂತುಕೊಳ್ಳಿ, ಬಾಯಾರಿಕೆಗೆ ಕೊಡ್ತೇನೆ" ಎಂದರು. ಹಾಗೇ ಬಿಟ್ಟುಬಿಡಬಹುದಿತ್ತು. ಅಮ್ಮನ ಮೇಲೆ ಹೊರಿಸಿ ಎದ್ದು ಬರಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅಮ್ಮ ಅಲ್ಲ ಅಜ್ಜಿ, ನಾನು" ಎಂದೆ. "ಅವತ್ತು ತೋಳು ಒರೆಸಿದ್ದು ಸಾರಾಯಿಯಲ್ಲಿ. ಒಣಗುವ ಮೊದಲೇ ಹಾಕಿದೆ. ಅದರಿಂದ ಮದ್ದು ಸತ್ತು ಹೋಯ್ತು. ಎಂಟನೇ ದಿನ ನೋಡ್ಲಿಕ್ಕೂ ಬರ್ಲಿಲ್ಲ, ಕೆಳಗೆ ಕೂತು ಕುಡೀತಾ ಇದ್ದೆ. ಬಂದಿದ್ರೆ ಮತ್ತೆ ಹಾಕ್ತಿದ್ದೆ. ಮಗು ಉಳೀತಿತ್ತು."

ಅಂಗಳದಲ್ಲಿ ಬಿಸಿಲು ಅಲ್ಲಾಡದೆ ನಿಂತಿತ್ತು. "ವಾಸನೆ ನನಗೆ ಅವತ್ತೇ ಬಂದಿತ್ತು" ಎಂದರು ಅಜ್ಜಿ. "ನಮ್ಮವರು ಸಾಯುವವರೆಗೂ ಕುಡಿದವರು, ನನಗೆ ಗೊತ್ತಾಗುವುದಿಲ್ಲವಾ? ಸರಕಾರದ ಜನ, ನಾನು ಎಂತ ಹೇಳುವುದು ಅಂತ ಸುಮ್ಮನಾದೆ." ಎದ್ದು ಒಳಗೆ ಹೋದರು. ಅಂಗಳ ಗುಡಿಸುವ ಹಿಡಿಸೂಡಿ ತರುತ್ತಾರೆ ಎಂದುಕೊಂಡೆ. ತಂದು ಹೊಡೆದರೆ ಸಾಕೆಂದು ಕಾದೆ.

ಅವರು ಕೂಸನ್ನು ಎತ್ತಿಕೊಂಡು ಬಂದರು. ಸೊಸೆ ಬಾಗಿಲ ಬಳಿ ನಿಂತಳು, ಮುಂದೆ ಬರಲಿಲ್ಲ, ಬೇಡವೆಂದೂ ಹೇಳಲಿಲ್ಲ. ರೋಗ ಇದ್ದ ಮನೆ, ದಿನ ಕಳೆದರೆ ಈ ಕೂಸಿಗೂ ತಡವಾಗುತ್ತದೆಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅಜ್ಜಿ ನನ್ನ ಎದುರು ಕೂತು, "ಬಾಯಿ ತೆರೆಯಿರಿ" ಎಂದರು.

ತೆರೆದೆ. ಅವರು ಮುಖ ಹತ್ತಿರ ತಂದು ಮೂಸಿದರು, ಒಮ್ಮೆ, ಇನ್ನೊಮ್ಮೆ. ಆಮೇಲೆ ಕೂಸಿನ ತೋಳನ್ನು ಬಟ್ಟೆಯಿಂದ ಹೊರಗೆ ತೆಗೆದು ನನ್ನ ಕಡೆಗೆ ಚಾಚಿದರು.

ನಾನು ನೀರಿನಲ್ಲಿ ತೊಳೆದೆ. ಒಣಗಲು ಬಿಟ್ಟೆವು. ಅಷ್ಟು ಹೊತ್ತೂ ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು. "ಒಣಗಿತಾ?" ಎಂದು ಅಜ್ಜಿ ಕೇಳಿದರು. "ಇನ್ನು ಸ್ವಲ್ಪ" ಎಂದೆ. ಒಣಗಿದ ಮೇಲೆ ಹನಿ ಇಟ್ಟು ಚಕ್ರ ಎತ್ತಿಕೊಂಡೆ. ಕೈ ನಡುಗುತ್ತಿತ್ತು, ಏನು ಮಾಡಿದರೂ ನಿಲ್ಲಲೊಲ್ಲದು. ಅಜ್ಜಿ ಕೂಸನ್ನು ಮಡಿಲಲ್ಲಿ ಸರಿಮಾಡಿಕೊಂಡು, ಬಲಗೈಯಿಂದ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಹಾಗೆ ಇಬ್ಬರೂ ಸೇರಿ ಹಾಕಿದೆವು.